ಐದು ಗಂಟೆಯ ಸೈರನ್ನು ಮತ್ತು ಒಂದು ಗೋಲು

ಕುಕ್ಕರ್ ಕೂಗಿದರೆ ನಾನು ನಿಂತುಬಿಡುತ್ತೇನೆ. ಹುರುಳಿಕಾಯಿ ಹೆಚ್ಚುತ್ತಿದ್ದರೆ ಚಾಕು ಅರ್ಧ ಕಾಯಿಯಲ್ಲಿ ನಿಲ್ಲುತ್ತದೆ. ಒಗ್ಗರಣೆಗೆ ಸಾಸಿವೆ ಹಾಕಲು ಎತ್ತಿದ ಕೈ ಎತ್ತಿದಲ್ಲೇ ಇರುತ್ತದೆ. ಎಣ್ಣೆ ಹೊಗೆಯಾಡತೊಡಗಿದರೂ ಅಲುಗುವುದಿಲ್ಲ. ಕೂಗು ಪೂರ್ತಿ ಅಡಗಿದ ಮೇಲೆಯೇ ನನ್ನ ಕೈಕಾಲಿಗೆ ಜೀವ ಬರುವುದು. ಮದುವೆಯಾಗಿ ಹದಿನೆಂಟು ವರ್ಷ ನೆಟ್ಟಗಿದ್ದ ಸೊಸೆ ಇದ್ದಕ್ಕಿದ್ದಂತೆ ಹೀಗಾದದ್ದು ಕಂಡು ನಮ್ಮ ಅತ್ತೆ ಒಂದು ಮಂಗಳವಾರ ದೃಷ್ಟಿಯನ್ನೂ ತೆಗೆದರು. ಒಣಮೆಣಸಿನಕಾಯಿಯ ಘಾಟಿಗೆ ಇಡೀ ಮನೆ ಕೆಮ್ಮಿದ್ದರಿಂದ ನನಗೆ ದೃಷ್ಟಿ ಏನೂ ಆಗಿಲ್ಲವೆಂದು ಸಾಬೀತಾಯಿತು, ಅಷ್ಟೆ. ನಮ್ಮನೆಯವರು ಮಾತ್ರ ಪೇಪರಿನಿಂದ ತಲೆ ಎತ್ತದೆ, "ಏನು, ಶಿಫ್ಟ್ ಬಿಡ್ತಾ?" ಎಂದು ಕೇಳಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಅವರಿಗೆ ಕಾರಣ ಗೊತ್ತು.

ಕಾರಣ ಫುಟ್‌ಬಾಲು. ನಗಬೇಡಿ. ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ವ್ಯಾಕರಣದ ಪಿರಿಯಡ್ಡಿನಲ್ಲಿ ಹುಡುಗರು ಆಕಳಿಸಿದರೆ ಆ ಆಕಳಿಕೆಗೂ ಸಂಧಿ ಬಿಡಿಸಬಲ್ಲೆ. ಆದರೆ ಆಫ್‌ಸೈಡ್ ಎಂದರೆ ಏನೆಂದು ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಯಾರಾದರೂ ವಿವರಿಸುವಾಗ ಅರ್ಥವಾಗುತ್ತದೆ, ಅವರು ಅತ್ತ ಹೋದ ಕೂಡಲೇ ಹಾರಿಹೋಗುತ್ತದೆ.

ಆಟಕ್ಕೂ ನನಗೂ ಹಿಂದಿನಿಂದಲೂ ಅಷ್ಟಕ್ಕಷ್ಟೆ. ಹೊಸಮನೆ ಬಡಾವಣೆಯಲ್ಲಿ ನಾವು ಚಿಕ್ಕವರಿದ್ದಾಗ ಅಣ್ಣ ಮತ್ತು ಅವನ ಗೆಳೆಯರು ಬೀದಿಯಲ್ಲಿ ಆಡುತ್ತಿದ್ದರು. ನನಗೆ ಕೊಡುತ್ತಿದ್ದ ಕೆಲಸ ಚಪ್ಪಲಿ ಕಾಯುವುದು. ನಾನು ಜಗಲಿಯ ಮೇಲೆ ಕೂತು ಯಾರ ಚಪ್ಪಲಿಯ ಉಂಗುಷ್ಟ ಕಿತ್ತಿದೆ, ಯಾರ ಚಪ್ಪಲಿ ಅಪ್ಪನದು ಎಂದು ಅಧ್ಯಯನ ಮಾಡುತ್ತಿದ್ದೆ. ಎದುರುಮನೆಯ ನಂಜಮ್ಮಜ್ಜಿ ಊಟವಾದ ಮೇಲೆ ವಿಭೂತಿ ಹಚ್ಚಿದ ಹಣೆಯನ್ನು ಕಿಟಕಿಗೆ ಆನಿಸಿ ಕಾಯುತ್ತಿದ್ದರು. ಚೆಂಡು ಅವರ ಅಂಗಳಕ್ಕೆ ಬಿತ್ತೋ, ಎಲೆಯಡಿಕೆ ತಟ್ಟೆಯಿಂದ ಅಡಕತ್ತರಿ ಎತ್ತಿಕೊಂಡು ಬಂದು, ಅಡಿಕೆ ಹೋಳು ಮಾಡಿದಷ್ಟೇ ನಯವಾಗಿ ಅದನ್ನು ಎರಡು ಹೋಳು ಮಾಡಿ, "ಒಂದು ನಿಂಗೆ, ಒಂದು ನಿಮ್ಮಣ್ಣಂಗೆ" ಎಂದು ನನ್ನ ಕೈಗೆ ಕೊಡುತ್ತಿದ್ದರು. ಚೆಂಡಿನ ವಿಷಯದಲ್ಲಿ ನನಗೆ ಸಿಕ್ಕ ಸಮಪಾಲು ಅದೊಂದೇ.

ಇಂಥವಳು ಫುಟ್‌ಬಾಲ್ ಟೀಮಿನ ಮ್ಯಾನೇಜರ್ ಆದದ್ದು ತಡವಾಗಿ ಬಂದದ್ದರಿಂದ. ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಕಬಡ್ಡಿ, ವಾಲಿಬಾಲು, ಅಥ್ಲೆಟಿಕ್ಸು ಎಲ್ಲವನ್ನೂ ಒಬ್ಬೊಬ್ಬರ ಕೊರಳಿಗೆ ಕಟ್ಟುತ್ತಿದ್ದರು. ಅವತ್ತು ನನ್ನ ಸ್ಕೂಟರ್ ಸ್ಟಾರ್ಟ್ ಆಗದೆ ಹತ್ತು ನಿಮಿಷ ತಡವಾಗಿ ಬಾಗಿಲಲ್ಲಿ ಇಣುಕಿದೆ. ಪ್ರಿನ್ಸಿಪಾಲರು ನನ್ನನ್ನು ನೋಡಿ, "ಫುಟ್‌ಬಾಲಿಗೆ ಗಿರಿಜಾ ಮೇಡಂ ಇದ್ದಾರಲ್ಲ" ಎಂದರು. ಹೊಸ ಮೇಷ್ಟ್ರು ಬರುವವರೆಗೆ ತಾತ್ಕಾಲಿಕವಾಗಿ, ಎಂದೂ ಸೇರಿಸಿದರು. ಒಂದು ಸೀಟಿ, ಗಾಳಿ ತುಂಬುವ ಪಂಪು, ಮೂರು ಚೆಂಡು ನನ್ನ ಟೇಬಲ್ಲಿಗೆ ಬಂದವು. ಸೀಟಿಯನ್ನು ಮೂರು ಸಲ ಬಿಸಿನೀರಿನಲ್ಲಿ ತೊಳೆದೆ.

ಪ್ರಿನ್ಸಿಪಾಲರು ಗಣಿತದವರು. ಮಾತಿಗೆ ಮೊದಲು ಲೆಕ್ಕ. ಅವರು ನನ್ನನ್ನು ಛೇಂಬರಿಗೆ ಕರೆದು ವಿಷಯವನ್ನು ನೇರವಾಗಿ ಹೇಳಿದರು. ನಮ್ಮ ಟೀಮು ಮೂರು ವರ್ಷದಿಂದ ಒಂದು ಮ್ಯಾಚೂ ಗೆದ್ದಿಲ್ಲ. ಗೆಲ್ಲುವುದು ಹಾಗಿರಲಿ, ಒಂದು ಗೋಲೂ ಹೊಡೆದಿಲ್ಲ. ಈ ಸೀಸನ್ನಿನಲ್ಲಿ ನಾಲ್ಕು ಮ್ಯಾಚುಗಳಿವೆ. ಒಂದಾದರೂ ಗೆದ್ದರೆ ಸರಿ, ಇಲ್ಲದಿದ್ದರೆ ಮುಂದಿನ ವರ್ಷದಿಂದ ಫುಟ್‌ಬಾಲ್ ಇಲ್ಲ. ಆ ಗ್ರೌಂಡಿನಲ್ಲಿ ಸ್ಕೂಟರ್ ನಿಲ್ಲಿಸಲು ಶೆಡ್ ಕಟ್ಟಿಸುವುದು. ಸ್ಟಾಫಿನವರೇ ಶೆಡ್ ಬೇಕೆಂದು ಮನವಿ ಕೊಟ್ಟಿದ್ದಾರೆ ಎಂದು ಕಾಗದವನ್ನೂ ತೋರಿಸಿದರು.

ಅದರಲ್ಲಿ ಮೂರನೆಯ ಸಹಿ ನನ್ನದು. ಮಧ್ಯಾಹ್ನ ಸ್ಕೂಟರ್ ಸೀಟಿನ ಮೇಲೆ ಕೂತರೆ ಕಾದ ಹೆಂಚಿನ ಮೇಲೆ ಕೂತ ಹಾಗಾಗುತ್ತದೆ ಎಂದು ಹಿಂದಿನ ವರ್ಷ ಆ ಮನವಿಯ ಒಕ್ಕಣೆಯನ್ನು ಬರೆದುಕೊಟ್ಟವಳೂ ನಾನೇ. ಕನ್ನಡದವಳಲ್ಲವೇ, ಬಹಳ ಮನಮುಟ್ಟುವಂತೆ ಬರೆದಿದ್ದೆ.

ಟೀಮಿನಲ್ಲಿ ಐದು ಜನ ಶಿವಮೊಗ್ಗದವರು, ಐದು ಜನ ಭದ್ರಾವತಿ ನ್ಯೂ ಟೌನಿನವರು, ಒಬ್ಬ ಹೊಳೆಹೊನ್ನೂರಿನವನು. ಇನ್ನಿಬ್ಬರು ಎಕ್ಸ್‌ಟ್ರಾ, ಅವರ ಕಾಲು ಯಾವಾಗಲೂ ಉಳುಕಿರುತ್ತಿತ್ತು. ಶಿವಮೊಗ್ಗದ ಐವರು ಕ್ರಿಕೆಟ್ ಟೀಮಿನಲ್ಲಿ ಜಾಗ ಸಿಗದೆ ಬಂದವರು. ನಿಜವಾಗಿ ಆಟ ಗೊತ್ತಿದ್ದದ್ದು ನ್ಯೂ ಟೌನಿನವರಿಗೆ. ಅವರ ತಾತಂದಿರು ಅಲ್ಲಿನ ಉಕ್ಕಿನ ಕಾರ್ಖಾನೆಗೆ ದುಡಿಯಲು ತಮಿಳುನಾಡಿನಿಂದ, ಆಂಧ್ರದಿಂದ ಬರುವಾಗ ಪಾತ್ರೆಪಡಗದ ಜೊತೆ ಫುಟ್‌ಬಾಲನ್ನೂ ಕಟ್ಟಿಕೊಂಡು ಬಂದಿದ್ದರೋ ಏನೋ. ಕ್ಯಾಪ್ಟನ್ ಸೆಲ್ವ ಅಲ್ಲಿಯವನು. ಕಪ್ಪಗೆ, ಸಣ್ಣಗೆ, ಮಾತು ಬಹಳ ಕಡಿಮೆ. ನಾನು ಹತ್ತು ವಾಕ್ಯದಲ್ಲಿ ಕೇಳಿದ್ದಕ್ಕೆ ಅವನು "ಆಗುತ್ತೆ ಮೇಡಂ" ಅಥವಾ "ಆಗಲ್ಲ ಮೇಡಂ" ಎನ್ನುತ್ತಿದ್ದ.

ಹೊಳೆಹೊನ್ನೂರಿನ ಬಸವರಾಜ ಬೇರೆಯೇ ಜಾತಿಯ ಆಟಗಾರ. ಕಬಡ್ಡಿಗೆಂದು ಬಂದವನನ್ನು ಆಳು ಸಾಲದೆ ನಾನೇ ಎಳೆದುಕೊಂಡಿದ್ದೆ. ಬೂಟು ಕಚ್ಚುತ್ತದೆ ಎಂದು ಮೊದಲ ವಾರ ಬರಿಗಾಲಲ್ಲಿ ಆಡಿದ. ಅವನಿಗೆ ಬರುತ್ತಿದ್ದದ್ದು ಒಂದೇ, ಚೆಂಡು ಸಿಕ್ಕರೆ ಮುಂದಕ್ಕೆ ಓಡುವುದು. ಪಕ್ಕಕ್ಕೆ ನೋಡುವುದು, ಪಾಸ್ ಕೊಡುವುದು, ಹಿಂದಕ್ಕೆ ಬರುವುದು ಇವ್ಯಾವೂ ಅವನ ಲೆಕ್ಕದಲ್ಲಿರಲಿಲ್ಲ. ಗದ್ದೆಯ ಬದುವಿನ ಮೇಲೆ ದನ ಅಟ್ಟಿಸಿಕೊಂಡು ಓಡುವಂತೆ ಓಡುತ್ತಿದ್ದ. ಎಷ್ಟೋ ಸಲ ಚೆಂಡು ಹಿಂದೆಯೇ ಉಳಿದಿರುತ್ತಿತ್ತು. ಸೆಲ್ವ ಅವನನ್ನು ಮುಂದೆ ನಿಲ್ಲಿಸಿದ. ಕೇಳಿದ್ದಕ್ಕೆ, "ಹಿಂದೆ ನಿಲ್ಸಿದ್ರೂ ಮುಂದೇನೇ ಇರ್ತಾನೆ ಮೇಡಂ" ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಉದ್ದದ ವಾಕ್ಯ ಅದು.

ನಾನೂ ಸುಮ್ಮನೆ ಕೂರಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕು ತಂದು, ಮೊಬೈಲಿನಲ್ಲಿ ನೋಡಿದ್ದು, ಹುಡುಗರು ಹೇಳಿದ್ದು ಎಲ್ಲವನ್ನೂ ಪಾಠದ ಟಿಪ್ಪಣಿಯಂತೆ ಬರೆದುಕೊಂಡೆ. ಮೊದಲ ದಿನ ನಾನು ಸೀಟಿ ಊದಿದಾಗ ಯಾರಿಗೂ ಕೇಳಿಸಲಿಲ್ಲ. ಎರಡನೆಯ ದಿನ ಎಷ್ಟು ಜೋರಾಗಿ ಊದಿದೆನೆಂದರೆ ಪಕ್ಕದ ಕಟ್ಟಡದಲ್ಲಿ ಪರೀಕ್ಷೆ ಬರೆಯುತ್ತಿದ್ದವರು ಟೈಮ್ ಆಯಿತೆಂದು ಪೇಪರ್ ಕೊಟ್ಟುಬಿಟ್ಟರು.

ವಾರದ ದಿನ ಬೆಳಗ್ಗೆ ನಮ್ಮ ಉಬ್ಬುತಗ್ಗಿನ ಗ್ರೌಂಡಿನಲ್ಲಿ ಅಭ್ಯಾಸ. ಭಾನುವಾರ ಸಂಜೆ ಮಾತ್ರ ನ್ಯೂ ಟೌನಿನ ಗ್ರೌಂಡಿಗೆ ಹೋಗುತ್ತಿದ್ದೆವು. ದೊಡ್ಡ ಮರಗಳ ನಡುವೆ ಸಮತಟ್ಟಾದ ಒಳ್ಳೆಯ ಗ್ರೌಂಡು. ಒಂದು ಬದಿಯಲ್ಲಿ ಸಿಮೆಂಟಿನ ಮೆಟ್ಟಿಲು, ಅದರ ಮೇಲೆ ಕಾರ್ಖಾನೆಯಿಂದ ರಿಟೈರಾದ ಹಿರಿಯರು. ಅವರಲ್ಲಿ ಸೆಲ್ವನ ಅಪ್ಪ ಏಳುಮಲೈ ಯಾವಾಗಲೂ ಇರುತ್ತಿದ್ದರು, ಹೆಗಲ ಮೇಲೊಂದು ಕೆಂಪಂಚಿನ ಟವಲು. ನಾನು ಶಿವಮೊಗ್ಗದ ಹುಡುಗರನ್ನು ಕರೆದುಕೊಂಡು ರೈಲಿನಲ್ಲಿ ಹೋಗುತ್ತಿದ್ದೆ. ಬೋಗಿಯಲ್ಲಿ ಚೆಂಡು ಮಡಿಲಲ್ಲಿಟ್ಟುಕೊಂಡು ಕೂತ ಸೀರೆಯುಟ್ಟ ಹೆಂಗಸನ್ನು ಜನ ತಿರುಗಿ ತಿರುಗಿ ನೋಡುತ್ತಿದ್ದರು. ಒಬ್ಬ ಅಜ್ಜಿ, "ಮೊಮ್ಮಗನಿಗಾ?" ಎಂದು ಕೇಳಿದರು. ನನಗಾಗ ನಲವತ್ತಾರು.

ಅಲ್ಲಿ ಮೊದಲ ಭಾನುವಾರ ಒಂದು ವಿಚಿತ್ರ ನಡೆಯಿತು. ಐದು ಗಂಟೆಗೆ ಕಾರ್ಖಾನೆಯ ಸೈರನ್ ಕೂಗಿತು. ಕೂಗಿದ್ದೇ ತಡ, ಗ್ರೌಂಡಿನಲ್ಲಿ ಓಡುತ್ತಿದ್ದ ನ್ಯೂ ಟೌನಿನ ಹುಡುಗರೆಲ್ಲ ನಿಂತುಬಿಟ್ಟರು. ಚೆಂಡು ತಾನಾಗಿ ಉರುಳಿ ಒಂದು ಕಡೆ ನಿಂತಿತು. ಮೆಟ್ಟಿಲ ಮೇಲಿನ ಹಿರಿಯರು ಎದ್ದು ನಿಂತರು. ಕಾರ್ಖಾನೆಯಲ್ಲಿ ಯಾರಿಗೋ ಏನೋ ಆಗಿರಬೇಕೆಂದುಕೊಂಡೆ. ಸೈರನ್ ಅಡಗಿತು. ಏಳುಮಲೈ ಹೆಗಲ ಟವಲು ತೆಗೆದು ಒಂದು ಸಲ ಬೀಸಿದರು. ಏನೂ ಆಗಿಲ್ಲವೆಂಬಂತೆ ಆಟ ಮತ್ತೆ ಶುರುವಾಯಿತು.

ಏಳುಮಲೈ ನನಗೆ ಅದನ್ನು ವಿವರಿಸಿದ್ದು ತಮಿಳಿನ ಒಗ್ಗರಣೆ ಬಿದ್ದ ಭದ್ರಾವತಿ ಕನ್ನಡದಲ್ಲಿ. ಅವರ ಕಾಲದಲ್ಲಿ ಬೆಳಗಿನ ಶಿಫ್ಟ್ ಮುಗಿಸಿ ಒಂದು ನಿದ್ದೆ ತೆಗೆದವರು ನಾಲ್ಕು ಗಂಟೆಗೆ ಆಟ ಶುರು ಮಾಡುತ್ತಿದ್ದರು. ಐದಕ್ಕೆ ಸೈರನ್ ಆದರೆ ಜನರಲ್ ಶಿಫ್ಟಿನವರು ಗೇಟು ದಾಟಿ ಸೀದಾ ಗ್ರೌಂಡಿಗೆ. ಬಂದವರು ಒಬ್ಬೊಬ್ಬರ ಜಾಗದಲ್ಲಿ ನಿಲ್ಲುವರು, ಮೊದಲಿದ್ದವರು ಮನೆಗೆ ಹೋಗುವರು, ಆಟ ಅದೇ, ಸ್ಕೋರೂ ಅದೇ. ಹಾಗಾಗಿ ಒಂದೊಂದು ಮ್ಯಾಚು ವಾರಗಟ್ಟಲೆ ನಡೆಯುತ್ತಿತ್ತಂತೆ.

"ಅದು ಬಂದ್ಬಿಟ್ಟು ಫ್ಯಾಕ್ಟರಿ ರೂಲು ಮೇಡಂ. ರಿಲೀವರ್ ಬಂದು ನಿಮ್ ಜಾಗದಲ್ಲಿ ನಿಲ್ಲೋ ಗಂಟ ನೀವು ಜಾಗ ಬಿಡಂಗಿಲ್ಲ. ಇಲ್ಲೂ ಅದೇನೇ. ಆಳು ಬದಲಾಗೋವಾಗ ಬಾಲ್ ಯಾರೂ ಮುಟ್ಟಂಗಿಲ್ಲ. ಮುಟ್ಟಿದ್ರೆ ಅವನ ಜೊತೆ ಯಾರೂ ಆಡ್ತಿರ್ಲಿಲ್ಲ." ಹೆಗಲ ಟವಲು ಸರಿಮಾಡಿಕೊಂಡು, "ಈಗ ಹೋಗೋರೂ ಅಷ್ಟಿಲ್ಲ, ಬರೋರೂ ಅಷ್ಟಿಲ್ಲ. ಆದ್ರೂ ನಿಲ್ತೀವಿ" ಎಂದರು.

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಐದು ಗಂಟೆ, ಸೈರನ್, ನಿಲ್ಲುವುದು, ಟವಲು. ಮುಂದಿನ ಭಾನುವಾರಗಳಲ್ಲಿ ನನ್ನ ಕಾಲೂ ತಾನಾಗಿ ನಿಲ್ಲತೊಡಗಿತು. ಶಿವಮೊಗ್ಗದ ಐವರೂ ಕಲಿತರು. ಕಲಿಯದೆ ಉಳಿದವನು ಬಸವರಾಜ ಒಬ್ಬನೇ, ಏಕೆಂದರೆ ಸೈರನ್ ಆಗುವ ಹೊತ್ತಿಗೆ ಅವನು ಅಲ್ಲಿ ಇರುತ್ತಲೇ ಇರಲಿಲ್ಲ. ಮನೆಯಲ್ಲಿ ಎರಡು ಎಮ್ಮೆ. ಅವನ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಇಳಿಸುತ್ತಿರಲಿಲ್ಲವಂತೆ. ನಾಲ್ಕೂವರೆಗೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಹೊಳೆಹೊನ್ನೂರಿನ ಬಸ್ಸಿಗೆ ಓಡುತ್ತಿದ್ದ. ಅವನಿಗೆ ಹೇಳಬೇಕು ಎಂದು ಬರೆದುಕೊಳ್ಳುವುದು ನನಗೆ ಹೊಳೆಯಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆ ಒಂದು ಸಾಲು ಇರಲಿಲ್ಲ.

ಸೀಸನ್ ಶುರುವಾಯಿತು. ಸಾಗರದವರ ಕೈಯಲ್ಲಿ ಐದು ಗೋಲು ತಿಂದೆವು. ಚಿಕ್ಕಮಗಳೂರಿನವರ ಕೈಯಲ್ಲಿ ಎರಡು. ಮೂರನೆಯದು ತೀರ್ಥಹಳ್ಳಿಯವರ ಜೊತೆ, ಸೊನ್ನೆ ಸೊನ್ನೆ. ಆ ಸೊನ್ನೆಗೆ ನಾವು ಪಟ್ಟ ಸಂಭ್ರಮ ನೋಡಿ ತೀರ್ಥಹಳ್ಳಿಯವರು ತಾವೇ ಸೋತೆವೇನೋ ಎಂದುಕೊಂಡರು. ಬರುವಾಗ ಬಸ್ಸಿನಲ್ಲಿ ಹುಡುಗರು ಹಾಡಿದ್ದೇ ಹಾಡಿದ್ದು. ನನಗೂ ಒಂದು ಹಾಡು ಹೇಳೆಂದು ಗಂಟುಬಿದ್ದರು. ವಚನ ಹೇಳಿದೆ, ಅದಕ್ಕೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಪ್ರಿನ್ಸಿಪಾಲರು ಮೂರೂ ಫಲಿತಾಂಶವನ್ನು ಹಾಳೆಯ ಮೇಲೆ ಬರೆದು, ಕನ್ನಡಕ ಏರಿಸಿ, "ಐದು, ಎರಡು, ಸೊನ್ನೆ. ಈ ಶ್ರೇಣಿಯಲ್ಲಿ ಮುಂದಿನದು ಗೆಲುವೇ ಬರಬೇಕು ಮೇಡಂ" ಎಂದರು. ಅವರ ಮುಖದಲ್ಲಿ ಮೊದಲ ಸಲ ಆಸೆ ಕಂಡಿತು. ನನಗಂತೂ ಆಸೆ ಅತಿಯಾಗಿ ಆ ರಾತ್ರಿ ಊಟ ಸೇರಲಿಲ್ಲ.

ಕೊನೆಯ ಮ್ಯಾಚು ಭದ್ರಾವತಿಯದೇ ಒಂದು ಕಾಲೇಜಿನ ಮೇಲೆ, ಅದೇ ನ್ಯೂ ಟೌನಿನ ಗ್ರೌಂಡಿನಲ್ಲಿ. ಅವರ ಟೀಮಿನಲ್ಲಿ ಒಂಬತ್ತು ಜನ ನ್ಯೂ ಟೌನಿನವರು, ಎಲ್ಲರೂ ಸೆಲ್ವನ ಜೊತೆಗೇ ಬೆಳೆದವರು. ಎರಡೂವರೆಗೆ ಶುರುವಾಗಬೇಕು. ದಾವಣಗೆರೆಯಿಂದ ಬರಬೇಕಿದ್ದ ರೆಫ್ರಿಯ ರೈಲು ತಡವಾಗಿ ಶುರುವಾದದ್ದು ಮೂರೂವರೆಗೆ. ಆ ಒಂದು ಗಂಟೆಯ ಮಹತ್ವ ಯಾರಿಗೂ ಹೊಳೆಯಲಿಲ್ಲ. ನಾನು ಹುಡುಗರಿಗೆ ಕಿತ್ತಳೆ ಸುಲಿದು ಕೊಡುವುದರಲ್ಲಿ ಮಗ್ನಳಾಗಿದ್ದೆ. ಬಸವರಾಜ ಮಾತ್ರ, "ಎಮ್ಮೆ ಕಾಯ್ತಾವೆ ಮೇಡಂ" ಎಂದು ಎರಡು ಸಲ ಗೊಣಗಿದ.

ಅವತ್ತು ನಮ್ಮ ಹುಡುಗರು ಆಡಿದ ಹಾಗೆ ಅದುವರೆಗೆ ಆಡಿರಲಿಲ್ಲ. ಶಿವಮೊಗ್ಗದವರೂ ಕ್ರಿಕೆಟ್ ಮರೆತಿದ್ದರು. ಮೊದಲರ್ಧ ಸೊನ್ನೆ ಸೊನ್ನೆ. ಎರಡನೆಯ ಅರ್ಧದಲ್ಲಿ ಅವರದೊಂದು ಹೊಡೆತ ಕಂಬಕ್ಕೆ ಬಡಿದು ಹಿಂದೆ ಬಂತು. ನಾನು ಸೆರಗಿನ ತುದಿ ಜಗಿಯುತ್ತಿದ್ದೆ. ಮುಗಿಯಲು ಹತ್ತು ನಿಮಿಷವಿದೆ ಎನ್ನುವಾಗ ಸೆಲ್ವ ಮಧ್ಯದಿಂದ ಒಂದು ಪಾಸ್ ಕೊಟ್ಟ. ಚೆಂಡು ಬಸವರಾಜನ ಕಾಲಿಗೆ ಬಂತು. ಆಗ ಸೈರನ್ ಕೂಗಿತು.

ಎರಡೂ ಟೀಮು ನಿಂತುಬಿಟ್ಟವು. ಮ್ಯಾಚಿನಲ್ಲಿ ರೆಫ್ರಿ ಸೀಟಿ ಊದದೆ ನಿಲ್ಲಬಾರದೆಂದು ಅವರಿಗೆಲ್ಲ ಗೊತ್ತಿತ್ತು, ಅವರ ಕಾಲಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸೈರನ್ನು. ಅವರ ಗೋಲ್‌ಕೀಪರ್ ಕಂಬಕ್ಕೆ ಒರಗಿ ಕೈಕಟ್ಟಿದ. ಮೆಟ್ಟಿಲ ಮೇಲೆ ಹಿರಿಯರು ಎದ್ದರು. ನಾನೂ ಸೆರಗು ಬಾಯಲ್ಲಿಟ್ಟುಕೊಂಡೇ ನೆಟ್ಟಗೆ ನಿಂತೆ. ಆ ನಿಂತ ಜನರ ನಡುವೆ ಓಡುತ್ತಿದ್ದವನು ಬಸವರಾಜ ಒಬ್ಬನೇ. ಅಕ್ಕಪಕ್ಕ ನೋಡುವ ಅಭ್ಯಾಸ ಅವನಿಗೆ ಮೊದಲೇ ಇರಲಿಲ್ಲವಲ್ಲ. ಯಾರೂ ಅಡ್ಡ ಬರದ್ದು ತನ್ನ ವೇಗಕ್ಕೇ ಎಂದುಕೊಂಡಿರಬೇಕು. ಓಡಿದ, ಓಡಿದ, ಚೆಂಡೂ ಅವತ್ತು ಅವನ ಜೊತೆಗೇ ಇತ್ತು, ಕೈಕಟ್ಟಿ ನಿಂತವನ ಪಕ್ಕದಿಂದ ಬಲೆಗೆ ಒದ್ದ. ಸೈರನ್ ಇನ್ನೂ ಕೂಗುತ್ತಲೇ ಇತ್ತು.

ರೆಫ್ರಿ ಗೋಲು ಎಂದು ಸೀಟಿ ಊದಿದರು. ನಾನು ಕುಣಿದೆ. ಸುಳ್ಳೇಕೆ ಹೇಳಲಿ, ನಲವತ್ತಾರು ವರ್ಷದ ಕನ್ನಡ ಅಧ್ಯಾಪಕಿ ಎರಡೂ ಕೈ ಎತ್ತಿ ಕುಪ್ಪಳಿಸಿದೆ. ಮೂರು ವರ್ಷದಲ್ಲಿ ಮೊದಲ ಗೋಲು. ಗ್ರೌಂಡು ಉಳಿಯಿತು. ಕುಪ್ಪಳಿಸಿ ಕೆಳಗೆ ಬರುವಷ್ಟರಲ್ಲಿ ಗೊತ್ತಾಯಿತು, ಇಡೀ ಗ್ರೌಂಡಿನಲ್ಲಿ ಚಪ್ಪಾಳೆ ತಟ್ಟುತ್ತಿರುವವಳು ನಾನೊಬ್ಬಳೇ. ಅವರ ಗೋಲ್‌ಕೀಪರ್ ಒಂದು ಮಾತೂ ಆಡದೆ ಬಲೆಯಿಂದ ಚೆಂಡು ತೆಗೆದು ಮಧ್ಯಕ್ಕೆ ಎಸೆದ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಬಸವರಾಜ ಎರಡು ತೋಳು ಚಾಚಿಕೊಂಡು ಯಾರಾದರೂ ಬಂದು ತಬ್ಬಿಕೊಳ್ಳುತ್ತಾರೆಂದು ಕಾಯುತ್ತಿದ್ದ.

ಸೆಲ್ವ ಗೆರೆಯ ಹತ್ತಿರ ನನ್ನ ಬಳಿಗೆ ಬಂದ.

"ಅದು ಗೋಲಲ್ಲ ಮೇಡಂ."

"ರೆಫ್ರಿ ಕೊಟ್ಟಿದಾರಲ್ಲೋ."

"ರೆಫ್ರಿ ದಾವಣಗೆರೆಯವ್ರು."

ಹತ್ತು ನಿಮಿಷ ಹೀಗೇ ತಳ್ಳಿದರೆ ಗೆದ್ದ ಹಾಗೆ, ಗೆದ್ದರೆ ನಮ್ಮ ಗ್ರೌಂಡು ಉಳಿಯುತ್ತದೆ, ಇಲ್ಲದಿದ್ದರೆ ನಿನ್ನ ಹಿಂದೆ ಬರುವ ಹುಡುಗರಿಗೆ ಆಟವೇ ಇರುವುದಿಲ್ಲ ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಟ್ಟಿಲ ಕಡೆ ನೋಡಿದ.

"ನಮ್ಮಪ್ಪ ಅಲ್ಲಿ ನಿಂತಿದಾರೆ ಮೇಡಂ. ಇನ್ನೂ ಟವಲ್ ಬೀಸಿಲ್ಲ."

ನಾನೂ ನೋಡಿದೆ. ಏಳುಮಲೈ ಹೆಗಲ ಮೇಲಿನ ಟವಲನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಸೈರನ್ ಅಡಗಿ ಆಗಲೇ ಒಂದು ನಿಮಿಷವಾಗಿತ್ತು.

ಈಗ ನಾನು ಬಹಳ ದೊಡ್ಡ ಮಾತೊಂದನ್ನು ಹೇಳಿದೆನೆಂದು ಬರೆಯಬಹುದಿತ್ತು. ಓದುವವರಿಗೂ ಹಿತವಾಗಿರುತ್ತಿತ್ತು. ನಿಜವೆಂದರೆ ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. "ಕ್ಯಾಪ್ಟನ್ ನೀನು. ನನ್ನ ಕೇಳ್ಬೇಡ" ಎಂದು ಹೇಳಿ, ತಿರುಗಿ ನೀರಿನ ಡ್ರಮ್ಮನ್ನು ನೋಡುತ್ತಾ ನಿಂತೆ. ಡ್ರಮ್ಮಿನ ಮೇಲೆ ಏನು ಬರೆದಿತ್ತೆಂದು ಇವತ್ತೂ ಹೇಳಬಲ್ಲೆ.

ಸೆಲ್ವ ಹೋಗಿ ತನ್ನವರಿಗೆ ಏನೋ ಹೇಳಿದ. ಎದುರು ಟೀಮಿನವರು ಚೆಂಡು ಶುರು ಮಾಡಿದರು. ನಮ್ಮ ಹತ್ತು ಜನ ಇದ್ದಲ್ಲೇ ನಿಂತರು. ಹನ್ನೊಂದನೆಯವನಾದ ಬಸವರಾಜ ಎರಡು ಹೆಜ್ಜೆ ಓಡಿ, ಸೆಲ್ವನ ಮುಖ ನೋಡಿ, ಅವನೂ ನಿಂತ. ಅವರ ಹುಡುಗನೊಬ್ಬ ಚೆಂಡನ್ನು ನಡೆಸಿಕೊಂಡು ಹೋಗಿ, ಓಡದೆ, ನಮ್ಮ ಬಲೆಯೊಳಗೆ ಮೆಲ್ಲಗೆ ಇಟ್ಟ. ಒಂದಕ್ಕೊಂದು ಸಮ. ಮೆಟ್ಟಿಲ ಮೇಲೆ ಏಳುಮಲೈ ಟವಲು ಬೀಸಿದರು. ಉಳಿದ ನಿಮಿಷಗಳಲ್ಲಿ ಎರಡೂ ಕಡೆಯವರು ಜೀವ ಬಿಟ್ಟು ಆಡಿದರು. ಸ್ಕೋರು ಬದಲಾಗಲಿಲ್ಲ.

ಮ್ಯಾಚು ಮುಗಿದ ಮೇಲೆ ಬಸವರಾಜ ನಲ್ಲಿಯ ಕೆಳಗೆ ತಲೆಯೊಡ್ಡಿ ಕೂತಿದ್ದ. ನೀರು ಯಾವುದು, ಬೇರೆ ಯಾವುದು ಗೊತ್ತಾಗದಿರಲೆಂದು ಹಾಗೆ ಕೂತಿದ್ದಾನೆಂದು ತಿಳಿಯಿತು.

"ನಂಗೆ ಯಾರೂ ಹೇಳಿರ್ಲಿಲ್ಲ ಮೇಡಂ."

"ಹೌದು ಕಣೋ. ನಾನು ಹೇಳ್ಬೇಕಿತ್ತು. ತಪ್ಪು ನಂದು."

ಏಳುಮಲೈ ಮೆಟ್ಟಿಲಿಳಿದು ಬಂದರು. ಅವನು ಏಳಲು ಹೋದರೆ ಬಿಡದೆ, ಹೆಗಲ ಟವಲು ತೆಗೆದು ಅವನ ತಲೆ ಒರೆಸಿದರು. "ಚೆನ್ನಾಗ್ ಓಡ್ದೆ ಕಣಪ್ಪಾ. ಇನ್ಮೇಲೆ ಐದು ಗಂಟೆ ಗಂಟ ಇರು" ಎಂದರು. ಬಸ್ಸು ಆಗಲೇ ಹೋಗಿತ್ತು. ತಮ್ಮ ಹಳೆಯ ಮೊಪೆಡ್ಡಿನ ಹಿಂದೆ ಅವನನ್ನು ಕೂರಿಸಿಕೊಂಡು ಹೊಳೆಹೊನ್ನೂರಿಗೆ ಬಿಟ್ಟು ಬಂದರು. ಎಮ್ಮೆಗಳು ಅವತ್ತು ಕತ್ತಲಾದ ಮೇಲೆ ಹಾಲು ಕೊಟ್ಟವಂತೆ.

ಪ್ರಿನ್ಸಿಪಾಲರಿಗೆ ವರದಿ ಬರೆಯಲು ಕೂತೆ. ಸಮವಾಯಿತು ಎಂದು ಒಂದೇ ಸಾಲು ಬರೆದರೆ ಆಗುತ್ತಿತ್ತು. ಆದರೆ ಶೆಡ್ಡಿನ ಮನವಿಗೆ ಅಷ್ಟು ಚೆನ್ನಾಗಿ ಬರೆದವಳು ಇದಕ್ಕೆ ಕೈ ಬಿಗಿ ಹಿಡಿಯಬಾರದೆಂದು ನಡೆದದ್ದನ್ನೆಲ್ಲ ನಾಲ್ಕು ಪುಟ ಬರೆದೆ. ಅವರು ಓದಿದರು. ಗೋಲು ಹೊಡೆದು ವಾಪಸು ಕೊಟ್ಟದ್ದು ಯಾವ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ಅರ್ಥವಾಗಲಿಲ್ಲ. ಕೆಟ್ಟ ಮನುಷ್ಯರಲ್ಲ. ಆದರೆ ಗೆಲ್ಲಬೇಕು ಎಂದು ಹೇಳಿದ್ದೆ, ಗೆಲ್ಲಲಿಲ್ಲ, ಅಷ್ಟೆ ಎಂದರು. ರಜೆಯಲ್ಲಿ ಕೆಲಸದವರು ಬಂದು ಶೆಡ್ಡಿನ ಕಂಬ ನೆಡುವ ಜಾಗ ಗುರುತಿಸಿ ಗ್ರೌಂಡಿನಲ್ಲಿ ಬಿಳಿ ಸುಣ್ಣದ ಗೆರೆ ಹಾಕಿದರು. ನಾನು ಆಫೀಸಿಗೆ ಹೋಗಿ ಮನವಿಯಿಂದ ನನ್ನ ಸಹಿಯನ್ನು ವಾಪಸು ತೆಗೆದುಕೊಳ್ಳುತ್ತೇನೆಂದೆ. ಕ್ಲರ್ಕು, ಗೋಲಿನ ಹಾಗೆ ಸಹಿ ವಾಪಸು ಬರುವುದಿಲ್ಲ ಮೇಡಂ ಎಂದ. ಇಡೀ ಕಾಲೇಜಿಗೆ ವಿಷಯ ಗೊತ್ತಾಗಿತ್ತು.

ಸೀಟಿಯನ್ನು ಡ್ರಾಯರಿಗೆ ಹಾಕಿದೆ. ನೋಟ್‌ಬುಕ್ಕಿನಲ್ಲಿ ಉಳಿದ ಪುಟಗಳಲ್ಲಿ ದಿನಸಿಯ ಪಟ್ಟಿ ಬರೆಯತೊಡಗಿದೆ. ಕುಕ್ಕರ್ ಕೂಗಿದಾಗ ನಿಲ್ಲುವುದು ಆಗಲೇ ಶುರುವಾಗಿತ್ತು.

ಜೂನ್ ಬಂತು. ಅಡ್ಮಿಷನ್ನಿನ ದಿನಗಳು. ಎಲ್ಲ ಕಾಲೇಜುಗಳಿಗೂ ಆಗಿರುವಂತೆ ನಮಗೂ ಹುಡುಗರು ಕಡಿಮೆಯಾಗುತ್ತಿದ್ದರು. ಪ್ರಿನ್ಸಿಪಾಲರು ಬಾಗಿಲ ಕಡೆಯೇ ನೋಡುತ್ತಾ ಕೂರುತ್ತಿದ್ದರು. ನಾನು ಅವರ ಛೇಂಬರಿನಲ್ಲಿ ಅರ್ಜಿ ಜೋಡಿಸುತ್ತಿದ್ದಾಗ ಒಂದು ಬೆಳಗ್ಗೆ ಬಾಗಿಲಲ್ಲಿ ಕೆಂಪಂಚಿನ ಟವಲು ಕಂಡಿತು. ಏಳುಮಲೈ. ಅವರ ಹಿಂದೆ ಸಾಲಾಗಿ ಏಳು ಹುಡುಗರು, ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಕವರು. ಎಲ್ಲ ನ್ಯೂ ಟೌನಿನವರು. ಮೂರನೆಯವನ ಮುಖ ಎಲ್ಲೋ ನೋಡಿದಂತಿತ್ತು. ಅವತ್ತು ಕೈಕಟ್ಟಿ ನಿಂತಿದ್ದ ಗೋಲ್‌ಕೀಪರನ ತಮ್ಮ.

ಏಳುಮಲೈ ನನ್ನನ್ನು ನೋಡಲಿಲ್ಲ. ಪ್ರಿನ್ಸಿಪಾಲರಿಗೆ ಕೈಮುಗಿದು ಕೇಳಿದರು.

"ಗೋಲ್ ವಾಪಸ್ ಕೊಟ್ಟ ಕಾಲೇಜ್ ಇದೇನಾ ಸಾರ್?"

ಪ್ರಿನ್ಸಿಪಾಲರು ಪೆನ್ನು ಕೆಳಗಿಟ್ಟರು. "ಇದೇ. ಆದರೆ ನಾವು ಗೆದ್ದಿಲ್ಲ" ಎಂದರು.

"ಗೊತ್ತು ಸಾರ್. ನಾನಲ್ಲೇ ಇದ್ದೆ."

ಗೋಲ್‌ಕೀಪರನ ತಮ್ಮ ಕಿಟಕಿಯಿಂದ ಹೊರಗೆ ಇಣುಕಿ, "ಗ್ರೌಂಡ್ ಅದೇನಾ ಸಾರ್? ಆ ಬಿಳೀ ಗೆರೆ ಏನು?" ಎಂದು ಕೇಳಿದ. ಪ್ರಿನ್ಸಿಪಾಲರೂ ಕಿಟಕಿಯ ಹೊರಗೆ ನೋಡಿದರು. ಬಹಳ ಹೊತ್ತು ನೋಡಿದರು. ಅವರು ಏಳನ್ನು ಯಾವುದರಿಂದಲೋ ಗುಣಿಸುತ್ತಿದ್ದಾರೆಂದು ನಾನು ಅಂದುಕೊಂಡೆ. ಈಗ ಯೋಚಿಸಿದರೆ ಅದೊಂದೇ ಇರಲಿಕ್ಕಿಲ್ಲ ಎನ್ನಿಸುತ್ತದೆ.

"ಗ್ರೌಂಡಿಗೆ ಲೈನ್ ಹಾಕಿಸ್ತಾ ಇದೀವಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸ್ವಲ್ಪ ಸೊಟ್ಟ ಹಾಕಿದಾರೆ. ಅಳಿಸಿ ಸರಿಯಾಗಿ ಹಾಕಿಸಿ ಮೇಡಂ."

ನಾನು ನನ್ನ ಟೇಬಲ್ಲಿಗೆ ಹೋಗಿ ಡ್ರಾಯರಿನಿಂದ ಸೀಟಿ ತೆಗೆದೆ. ಅದನ್ನು ತೊಳೆಯದೆಯೇ ಕೊರಳಿಗೆ ಹಾಕಿಕೊಂಡೆ.

ಇದಾಗಿ ನಾಲ್ಕು ವರ್ಷವಾಯಿತು. ಮರುವರ್ಷ ಒಂದು ಗೆದ್ದೆವು, ಮೂರು ಸೋತೆವು. ಅದರಾಚೆಯ ವರ್ಷ ಎರಡು ಗೆದ್ದೆವು. ನನ್ನ ಸ್ಕೂಟರ್ ಈಗಲೂ ಬಿಸಿಲಲ್ಲೇ ನಿಲ್ಲುತ್ತದೆ, ಮಧ್ಯಾಹ್ನ ಸೀಟಿನ ಮೇಲೆ ಪುಸ್ತಕದ ಚೀಲ ಹಾಸಿ ಕೂರುತ್ತೇನೆ. ದೈಹಿಕ ಶಿಕ್ಷಣಕ್ಕೆ ಹೊಸ ಮೇಷ್ಟ್ರು ಇನ್ನೂ ಬಂದಿಲ್ಲ. ಹೋದ ವರ್ಷ ಪ್ರಿನ್ಸಿಪಾಲರೇ ಕರೆದು, ಸಾಕಾಗಿದ್ದರೆ ಬಿಟ್ಟುಬಿಡಿ ಮೇಡಂ ಎಂದರು. ನನ್ನ ಜಾಗದಲ್ಲಿ ಒಬ್ಬರು ಬಂದು ನಿಂತ ಮೇಲೆ ಬಿಡುತ್ತೇನೆಂದೆ.

ಸೆಲ್ವನಿಗೆ ಹೊಸಪೇಟೆಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸವಾಗಿದೆ. ಫೋನ್ ಮಾಡಿದರೆ ಈಗಲೂ ಎರಡೇ ಮಾತು. ಬಸವರಾಜ ಡಿಗ್ರಿ ಮುಗಿಸಿ ಬಿ.ಪಿ.ಎಡ್. ಸೇರಿದ್ದಾನೆ, ದೈಹಿಕ ಶಿಕ್ಷಣದ ಮೇಷ್ಟ್ರಾಗುತ್ತಾನಂತೆ. ಎಮ್ಮೆಗಳು ಅವನ ತಂಗಿಯ ಕೈಗೆ ಒಗ್ಗಿಕೊಂಡಿವೆ. ಹಾಗಾಗಿ ಭಾನುವಾರ ನ್ಯೂ ಟೌನಿಗೆ ಬಂದರೆ ಕತ್ತಲಾಗುವವರೆಗೂ ಇರುತ್ತಾನೆ, ಹೊಸ ಹುಡುಗರಿಗೆ ಹೇಳಿಕೊಡುತ್ತಾನೆ. ಪಾಸ್ ಕೊಡ್ರೋ, ಅಕ್ಕಪಕ್ಕ ನೋಡ್ರೋ ಎಂದು ಅವನು ಕೂಗುವುದನ್ನು ಕೇಳಿ ನಾನು ಮುಖ ಆಚೆ ತಿರುಗಿಸಿ ನಗುತ್ತೇನೆ.

ಕಳೆದ ಭಾನುವಾರ ಏಳುಮಲೈ ಮೆಟ್ಟಿಲ ಮೇಲೆ ಕೂತೇ ಇದ್ದರು. ಅವರಿಗೆ ಈಗ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಐದು ಗಂಟೆಗೆ ಸೈರನ್ ಕೂಗಿತು. ಹುಡುಗರು ನಿಂತರು, ಅವತ್ತೇ ಮೊದಲು ಬಂದಿದ್ದ ಇಬ್ಬರನ್ನು ಉಳಿದವರು ಕೈಹಿಡಿದು ನಿಲ್ಲಿಸಿದರು. ಚೆಂಡು ಉರುಳಿ ಬಂದು ನನ್ನ ಕಾಲಿನ ಹತ್ತಿರ ನಿಂತಿತು. ಏಳುಮಲೈ ಎಡಗೈಯಿಂದ ಹೆಗಲ ಟವಲು ತೆಗೆದು, ಪಕ್ಕದಲ್ಲಿ ನಿಂತಿದ್ದ ಬಸವರಾಜನಿಗೆ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸೈರನ್ ಅಡಗುವುದನ್ನೇ ಕಾಯುತ್ತಾ ನಿಂತ. ಆಮೇಲೂ ತುಸು ಹೊತ್ತು ನಿಂತ, ಆತುರವೇ ಇಲ್ಲದವನ ಹಾಗೆ. ಅವನು ಟವಲು ಬೀಸುವವರೆಗೆ ನಾನು ಚೆಂಡು ಮುಟ್ಟಲಿಲ್ಲ.